ಶೀಟು ಬಿಚ್ಚುವ ಮುಂಚೆ

(ಗಂಗಾವತಿಯಲ್ಲಿ ಮನೆ ರಿಪೇರಿ ಮಾಡಿಸುವವರು ಮತ್ತು ಗೌಂಡಿಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ನನ್ನ ಕೈಯಲ್ಲಿರುವ ಈ ಚೀಲ ನೋಡಿ. ಇದರೊಳಗೆ ಚಾವಣಿಗೆ ಹಾಕುವ ಸಿಮೆಂಟ್ ಶೀಟಿನ ಅಂಗೈ ಅಗಲದ ಒಂದು ತುಂಡಿದೆ. ಮೂರು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟೇಪು ಹಚ್ಚಿ ತಂದಿದ್ದೇನೆ. ಬಿಚ್ಚಬೇಡಿ, ಹಾಗೇ ಕೈಯಿಂದ ಕೈಗೆ ದಾಟಿಸಿ. ಮುರಿದ ಅಂಚನ್ನು ಟ್ಯೂಬ್‌ಲೈಟಿನ ಕಡೆ ಹಿಡಿದು ನೋಡಿ. ಚಿರೋಟಿ ಥರ ಪದರ ಪದರ ಕಾಣುತ್ತದೆ. ಪದರಗಳ ನಡುವೆ ಅಲ್ಲಲ್ಲಿ ಬೆಕ್ಕಿನ ಮೀಸೆಯಂಥ ಬಿಳಿ ಎಳೆ ಹೊರಗೆ ಚಾಚಿಕೊಂಡಿದೆ. ಅದೇ ಆಸ್ಬೆಸ್ಟಾಸ್. ಶಾಲೆಯ ಪುಸ್ತಕದಲ್ಲಿ ಕಲ್ನಾರು ಅಂತ ಓದಿರುತ್ತೀರಿ. ಕಲ್ಲಿನ ನಾರು. ಇಷ್ಟು ಸರಿಯಾದ ಹೆಸರು ಇನ್ನೊಂದು ಸಿಗಲಿಕ್ಕಿಲ್ಲ. ಕಲ್ಲೇ, ಆದರೆ ಸೆಣಬಿನ ಹಾಗೆ ಎಳೆ ಎಳೆಯಾಗಿ ಸೀಳಿಕೊಳ್ಳುತ್ತದೆ. ನೂಲು ತೆಗೆಯಬಹುದು, ನೇಯಬಹುದು, ಬೆಂಕಿಗೆ ಹಾಕಿದರೆ ಸುಡುವುದಿಲ್ಲ.

ಈ ತುಂಡು ನಮ್ಮ ಮನೆಯದೇ. ನಮ್ಮ ಅಡುಗೆಮನೆ ಮೊದಲು ಮೇಲ್ಮುದ್ದಿಯದು. ಜಂತಿ, ಅದರ ಮೇಲೆ ಈಚಲ ಚಾಪೆ, ಅದರ ಮೇಲೆ ಮಣ್ಣು. ಮಳೆಗಾಲ ಬಂತೆಂದರೆ ಪಾತ್ರೆಗಳನ್ನೆಲ್ಲ ಸೋರುವ ಜಾಗಕ್ಕೆ ಹಂಚುವುದೇ ಕೆಲಸ. ಅಪ್ಪ ಬೇಸತ್ತು, ಮಣ್ಣು ಇಳಿಸಿ ಸಿಮೆಂಟ್ ಪತ್ರಾಸ್, ಅಂದರೆ ಈ ಶೀಟು, ಹೊದಿಸಿದರು. ಆ ವರ್ಷ ಮನೆಯಲ್ಲಿ ಹಬ್ಬದಂಥ ಖುಷಿ. ಇಪ್ಪತ್ತು ವರ್ಷವಾದ ಮೇಲೆ ನಾನು ಆರ್‌ಸಿಸಿ ಹಾಕಿಸಲು ಹೊರಟೆ. ಅಷ್ಟೊತ್ತಿಗೆ ನಾನು ಇಂಜಿನಿಯರಿಂಗ್ ಮುಗಿಸಿದ್ದೆ. ಬೋಲ್ಟುಗಳು ತುಕ್ಕು ಹಿಡಿದು ಬಿಚ್ಚಲು ಬರಲಿಲ್ಲ. 'ಒಡದ್ ಹಾಕೋಣೇನ್ರಿ?' ಅಂತ ಕೆಲಸದವನು ಕೇಳಿದ. 'ಒಡಿ' ಅಂದೆ. ಸುತ್ತಿಗೆಯಿಂದ ಕೆಳಗಿನಿಂದಲೇ ಬಡಿದು ಬಡಿದು ಬೀಳಿಸಿದ. ಬೂದು ಬಣ್ಣದ ಧೂಳು ಎದ್ದಿತು. ಅಮ್ಮ ಸೆರಗು ಮೂಗಿಗೆ ಒತ್ತಿಕೊಂಡು, ಕಸಬರಿಗೆ ತಗೊಂಡು ಎಲ್ಲ ಗುಡಿಸಿದಳು. ನಾನು ಅಂಗಳದಲ್ಲಿ ನಿಂತು ಚಹಾ ಕುಡಿಯುತ್ತಿದ್ದೆ. ಈ ಸಭೆಗೆ ಬರಲು ಒಪ್ಪಿದ್ದಕ್ಕೆ ಆ ಚಹಾನೇ ಕಾರಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಧ ಜನ ಈಗಲೇ ಮನೆಗೆ ಹೋಗಿ ಚಾವಣಿಗೆ ಏಣಿ ಹಾಕುತ್ತೀರಿ. ತಲೆ ಮೇಲೆ ಗಟ್ಟಿಯಾಗಿ ಕೂತಿರುವ ಶೀಟಿನ ಕೆಳಗೆ ಮಲಗಿದರೆ ಅಪಾಯ ಬಹಳ ಕಡಿಮೆ. ಅಪಾಯ ಇರುವುದು ಅದನ್ನು ಒಡೆಯುವಾಗ, ಕೊಯ್ಯುವಾಗ, ತೂತು ಹಾಕುವಾಗ, ಉಜ್ಜುವಾಗ. ಆಗ ಅಲ್ಲಿರುವುದು ಯಾರು? ಮನೆ ಯಜಮಾನ ಅಲ್ಲ. ಗೌಂಡಿ, ಅವನ ಕೈಕೆಳಗಿನ ಹುಡುಗ, ಆಮೇಲೆ ಗುಡಿಸಲು ಬರುವ ಹೆಣ್ಣುಮಗಳು.

ಯಾಕೆ ಅಪಾಯ ಅಂತ ಸ್ವಲ್ಪ ನೋಡೋಣ. ನಮ್ಮ ಕಡೆಯವರಿಗೆ ಧೂಳು ಹೊಸದೇನಲ್ಲ. ಸಂಡೂರಿನ ಕೆಂಧೂಳು ಗೊತ್ತು, ಅಕ್ಕಿ ಗಿರಣಿಯ ತೌಡಿನ ಧೂಳು ಗೊತ್ತು. ಅದೆಲ್ಲ ಕಣ್ಣಿಗೆ ಕಾಣುತ್ತದೆ, ಸೀನು ಬರುತ್ತದೆ. ಕಲ್ನಾರಿನ ಎಳೆ ಹಾಗಲ್ಲ. ನಿಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ತೊಂದರೆ ಕೊಡುವ ಎಳೆ 3 ಮೈಕ್ರಾನಿಗಿಂತ ಸಣ್ಣದು. ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ. ವಾಸನೆ ಇಲ್ಲ, ಕೆಮ್ಮೂ ಬರಲ್ಲ. ಶ್ವಾಸಕೋಶದ ತುದಿಯವರೆಗೂ ಇಳಿದು ಅಲ್ಲೇ ಚುಚ್ಚಿಕೊಳ್ಳುತ್ತದೆ. ಕಲ್ಲು ತಾನೆ, ದೇಹಕ್ಕೆ ಕರಗಿಸಲು ಬರುವುದಿಲ್ಲ. ಅದರ ಸುತ್ತ ಗಾಯ, ಗಾಯದ ಮೇಲೆ ಕಲೆ ಬೆಳೆಯುತ್ತದೆ. ಹಾಗೆ ಶ್ವಾಸಕೋಶ ಗಟ್ಟಿಯಾಗುವುದಕ್ಕೆ ಆಸ್ಬೆಸ್ಟೋಸಿಸ್ ಅಂತಾರೆ. ಇನ್ನೊಂದು ಶ್ವಾಸಕೋಶದ ಕ್ಯಾನ್ಸರ್. ಮತ್ತೊಂದು ಮೀಸೋಥೀಲಿಯೋಮಾ ಅಂತ, ಶ್ವಾಸಕೋಶದ ಹೊರಪೊರೆಗೆ ಬರುವ ಕ್ಯಾನ್ಸರ್. ಕಾಣಿಸಿಕೊಳ್ಳಲು 20 ವರ್ಷ, 30 ವರ್ಷ, 40 ವರ್ಷವೂ ಹಿಡಿಯಬಹುದು. ಇವತ್ತು ಒಡೆದವನು ನಾಳೆ ಆರಾಮಾಗಿ ಕೆಲಸಕ್ಕೆ ಬರುತ್ತಾನೆ. ಅದಕ್ಕೇ 'ಏನೂ ಆಗಂಗಿಲ್ಲ ಬಿಡ್ರಿ' ಅನ್ನುವ ಮಾತು ಇಷ್ಟು ವರ್ಷ ಗೆದ್ದುಕೊಂಡು ಬಂದಿದೆ.

ಇಲ್ಲಿ ಬೀಡಿ ಸೇದುವವರು ಇದ್ದೀರಿ, ನನಗೆ ಗೊತ್ತು. ಕಲ್ನಾರಿನ ಧೂಳು ಒಂದು ಕಡೆ, ಬೀಡಿ ಒಂದು ಕಡೆ ಇದ್ದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಕೂಡಿಕೊಳ್ಳುವುದಿಲ್ಲ, ಒಂದಕ್ಕೊಂದು ಗುಣಿಸಿಕೊಂಡಂತೆ ಏರುತ್ತದೆ.

ಬಿಳಿ ಕಲ್ನಾರು ಅಂದರೆ ಕ್ರೈಸೋಟೈಲ್ ಅಪಾಯವಿಲ್ಲ, ನೀಲಿ ಮತ್ತು ಕಂದು ಮಾತ್ರ ಕೆಟ್ಟದ್ದು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ನೀಲಿ, ಕಂದು ಹೆಚ್ಚು ಕೆಟ್ಟದ್ದು ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ಕಲ್ನಾರನ್ನೂ, ಬಿಳಿಯದನ್ನೂ ಸೇರಿಸಿ, ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ಮೊದಲ ಗುಂಪಿನಲ್ಲೇ ಇಟ್ಟಿದೆ. ಕೆಲಸದ ಜಾಗದಲ್ಲಿ ಇದನ್ನು ಉಸಿರಾಡಿ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಜಾಸ್ತಿ ಜನ ಸಾಯುತ್ತಾರೆ ಅಂತ ಅದೇ ಸಂಸ್ಥೆ ಹೇಳುತ್ತದೆ.

ಈಗ ಗುರುತಿಸುವ ವಿಚಾರ. ನೀವು ಮೊಬೈಲಿನಲ್ಲಿ ಹುಡುಕಿದರೆ ಹೊರದೇಶದವರ ವಿಡಿಯೋಗಳು ಬರುತ್ತವೆ. 'ನಿಮ್ಮ ಮನೆ 2000ಕ್ಕಿಂತ ಮುಂಚಿನದಾ? ಹಾಗಾದರೆ ಹುಷಾರು' ಅಂತಾರೆ. ಅದು ಅವರಿಗೆ ಸರಿ. ಬ್ರಿಟನ್ 1999ರಲ್ಲಿ ಬಿಳಿ ಕಲ್ನಾರನ್ನೂ ನಿಲ್ಲಿಸಿತು, ಆಸ್ಟ್ರೇಲಿಯಾ 2003ರ ಕೊನೆಗೆ. ನಮ್ಮಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಗಣಿ ನಿಂತಿದೆ, ಶೀಟು ನಿಂತಿಲ್ಲ. ನಮ್ಮ ಪಕ್ಕದ ಕಡಪ ಜಿಲ್ಲೆಯ ಪುಲಿವೆಂದುಲದ ಕಡೆ ಮೊದಲು ಬಿಳಿ ಕಲ್ನಾರು ತೆಗೆಯುತ್ತಿದ್ದರು. ಕಡಪ ಅಂದರೆ ನಮಗೆ ನೆಲಕ್ಕೆ ಹಾಸುವ ಕರಿ ಬಂಡೆ ಮಾತ್ರ ನೆನಪು, ಅಲ್ವಾ? ಕೇಂದ್ರ ಸರ್ಕಾರ 1986ರಿಂದ ಹೊಸ ಗಣಿ ಗುತ್ತಿಗೆ ಕೊಡುವುದನ್ನು ನಿಲ್ಲಿಸಿತು, 1993ರಲ್ಲಿ ಹಳೆಯದರ ನವೀಕರಣವನ್ನೂ ನಿಲ್ಲಿಸಿತು. ಆದರೆ ಕಾರ್ಖಾನೆಗಳಿಗೆ ನಾರು ಹೊರಗಿನಿಂದ ಬರುತ್ತಲೇ ಇದೆ. ರಷ್ಯಾದಿಂದ, ಕಜಕಿಸ್ತಾನದಿಂದ, ಬ್ರೆಜಿಲ್‌ನಿಂದ. ಬ್ರೆಜಿಲ್ ತಮಾಷೆ ಕೇಳಿ. ಅಲ್ಲಿನ ಸುಪ್ರೀಂ ಕೋರ್ಟು 2017ರಲ್ಲೇ ತಮ್ಮ ದೇಶದಲ್ಲಿ ಇದು ಬೇಡ ಅಂದಿತು. ಆಮೇಲೂ ಅಗೆದು ನಮ್ಮಂಥವರಿಗೆ ಕಳಿಸಿದರು. ಹಾಗಾಗಿ ನಮ್ಮೂರಲ್ಲಿ ಮೊನ್ನೆ ಹಾಕಿದ ಶೀಟಿನಲ್ಲೂ ಕಲ್ನಾರು ಇರಬಹುದು. ಹಳೇ ಮನೆಗೆ ಇರುವ ಕಷ್ಟ ಬೇರೆ: ಅಲ್ಲಿ ಶೀಟು ಸವೆದಿರುತ್ತದೆ, ಯಾರಾದರೂ ಅದನ್ನು ಬಿಚ್ಚಲೇಬೇಕಾಗುತ್ತದೆ.

ಗೌಂಡಿಗಳಿಗೆ ಗುರುತು ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಬೂದು ಬಣ್ಣ, ಅಲೆ ಅಲೆ, ಸುಮಾರು 6 ಮಿಲಿಮೀಟರ್ ದಪ್ಪ, ಒಂದು ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಅಗಲ. ಬೆರಳಿನಿಂದ ತಟ್ಟಿದರೆ ತಗಡಿನ ಹಾಗೆ ಠಣ್ ಅನ್ನುವುದಿಲ್ಲ, ಮಣ್ಣಿನ ಗಡಿಗೆಯ ಸದ್ದು. ನಮ್ಮ ಕಡೆ ಎಷ್ಟೋ ಜನ ಯಾವ ಕಂಪನಿಯದಾದರೂ 'ಚಾರ್ಮಿನಾರ್ ಶೀಟು' ಅಂತಲೇ ಕರೆಯುತ್ತಾರೆ, ಒಂದು ಕಂಪನಿಯ ಹೆಸರು ವಸ್ತುವಿನ ಹೆಸರೇ ಆಗಿಬಿಟ್ಟಿದೆ. ಶೀಟಿನಲ್ಲಿ ನಾರು ಇರುವುದು ನೂರಕ್ಕೆ 8-10 ಪಾಲು ಅಷ್ಟೇ. ಉಳಿದದ್ದು ಸಿಮೆಂಟು, ಹಾರುಬೂದಿ. ರಾಯಚೂರಿನ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಗುಡ್ಡದ ಹಾಗೆ ಬೀಳುತ್ತಲ್ಲ, ಅಂಥದ್ದು. ಇದೆಲ್ಲ ನೀರಲ್ಲಿ ಕಲಸಿ, ಕಾಗದ ಮಾಡುವ ಹಾಗೆ ತೆಳು ಪದರ ಎತ್ತಿ ಎತ್ತಿ ಸುತ್ತುತ್ತಾರೆ. ನೀವು ಆಗ ನೋಡಿದ ಚಿರೋಟಿ ಪದರ ಅಲ್ಲಿಂದ ಬಂದದ್ದು.

ತೊಡಕು ಏನೆಂದರೆ, ಈಗ ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಶೀಟೂ ಬಂದಿದೆ, ನೋಡಲು ಅಣ್ಣ ತಮ್ಮ. ಬಿಲ್ಲು ಇದ್ದರೆ, ಶೀಟಿನ ಮೇಲೆ ಅಚ್ಚು ಇದ್ದರೆ ಗೊತ್ತಾಗುತ್ತದೆ. ಇಲ್ಲದಿದ್ದರೆ ಕಣ್ಣಿನಿಂದ ಯಾರೂ ಹೇಳಲು ಬರುವುದಿಲ್ಲ, ನಾನೂ ಹೇಳಲಾರೆ. ಮಾನ್ಯತೆ ಇರುವ ಲ್ಯಾಬಿಗೆ ಸಣ್ಣ ಚೂರು ಕಳಿಸಿ ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಹತ್ತು ಶೀಟಿನ ಮನೆಗೆ ಅಷ್ಟು ಖರ್ಚು ಯಾರು ಮಾಡುತ್ತಾರೆ? ನಾನು ಮಾಡುವುದು ಸುಲಭ. ಹಳೇ ಸಿಮೆಂಟ್ ಶೀಟು ಕಂಡರೆ ಕಲ್ನಾರು ಇದೆ ಅಂತಲೇ ತಿಳಿದು ಕೆಲಸ ಮಾಡುತ್ತೇನೆ.

ಚಾವಣಿ ಒಂದೇ ನೋಡಬೇಡಿ. ಗೋಡೆಗೆ ಅಂಟಿಕೊಂಡು ಇಳಿಯುವ ಬೂದು ಬಣ್ಣದ ಮಳೆನೀರಿನ ಪೈಪು, ಬಚ್ಚಲ ಒಲೆಯ ಹೊಗೆ ಕೊಳವೆ, ನೆಲದೊಳಗಿನ ಹಳೇ ನೀರಿನ ಪೈಪು, ಅಟ್ಟಕ್ಕೆ ಹೊಡೆದ ಚಪ್ಪಟೆ ಹಲಗೆ, ಇವೂ ಅದೇ ಜಾತಿಯವು ಇರಬಹುದು. ಹಳೇ ಇಸ್ತ್ರಿ ಪೆಟ್ಟಿಗೆ ಬಿಚ್ಚಿದವರು ಒಳಗೆ ಬಿಳಿ ರಟ್ಟಿನಂಥದ್ದು ನೋಡಿರುತ್ತೀರಿ. ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಇನ್ನೊಂದು ನೆನಪು: ಬರ್ನರ್ ಮೇಲೆ ಇಡುವ ತಂತಿ ಜಾಲರಿ, ನಡುವೆ ದುಂಡಗೆ ಬಿಳಿ ಬಳಿದದ್ದು. ನಾನು ಅದನ್ನು ಉಗುರಿನಿಂದ ಕೆರೆದು ಕೆರೆದು ಗೆಳೆಯನ ಮೇಲೆ ಊದುತ್ತಿದ್ದೆ. ಹೇಳಲು ನಾಚಿಕೆ.

ಎಲ್ಲಕ್ಕಿಂತ ಕೆಟ್ಟದ್ದು ಮನೆಯಲ್ಲಿ ಇರುವುದಿಲ್ಲ, ಹಳೇ ಗಿರಣಿಯಲ್ಲಿ ಇರುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಕಡೆ ಅಕ್ಕಿ ಗಿರಣಿ ಎಷ್ಟು ಇವೆ ಅಂತ ನಿಮಗೆ ಹೇಳಬೇಕಾ? ಹಳೇ ಬಾಯ್ಲರ್ ಬಾಗಿಲ ಸುತ್ತ ಬಿಳಿ ಹಗ್ಗ, ಉಗಿ ಪೈಪಿಗೆ ಸುತ್ತಿದ ಬಿಳಿ ಪಟ್ಟಿ ಇರುತ್ತದೆ. ಶೀಟಿನಲ್ಲಿ ನಾರನ್ನು ಸಿಮೆಂಟು ಹಿಡಿದುಕೊಂಡಿದೆ. ಆ ಹಗ್ಗದಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ, ಕೈಯಲ್ಲಿ ಹಿಸುಕಿದರೆ ಹತ್ತಿಯ ಹಾಗೆ ಬಿಡುತ್ತದೆ. ಗುಜರಿಯವರು ಕಬ್ಬಿಣದ ಆಸೆಗೆ ಅದನ್ನು ಕಿತ್ತು ರಾಶಿ ಹಾಕಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೆ ಮಾತ್ರ ಯಾರೂ ಕೈ ಹಾಕಬೇಡಿ. ಗೊತ್ತಿರುವ ತಂಡವೇ ಬರಬೇಕು.

ಸರಿ, ನಿಮ್ಮ ಮನೆಗೆ ಬರೋಣ. ಶೀಟು ಗಟ್ಟಿ ಇದೆ, ಬಿರುಕಿಲ್ಲ, ಸೋರುತ್ತಿಲ್ಲ. ಏನು ಮಾಡಬೇಕು? ಏನೂ ಮಾಡಬೇಡಿ. ವರ್ಷಕ್ಕೊಮ್ಮೆ ಕೆಳಗೆ ನಿಂತು ನೋಡಿ, ಸಾಕು. ಬೇಸಿಗೆಯಲ್ಲಿ ನಮ್ಮ ಕಡೆ ಶೀಟಿನ ಮೇಲೆ ಸುಣ್ಣ ಹೊಡೆಯುವ ರೂಢಿ ಇದೆ. ಒಳ್ಳೆಯ ರೂಢಿ. ಒಳಗೆ ತಂಪು, ಮೇಲ್ಮೈಗೂ ಒಂದು ಪದರ. ಆದರೆ ಸುಣ್ಣಕ್ಕೆ ಮುಂಚೆ ಪಾಚಿ ಕೆರೆಯಲು ತಂತಿ ಬ್ರಷ್ ತಗೊಳ್ಳುತ್ತೀರಲ್ಲ, ಅದನ್ನು ಬಿಡಿ. ಮಳೆ ಬಿಸಿಲಿಗೆ ಮೇಲಿನ ಸಿಮೆಂಟು ಸವೆದು ನಾರು ಹೊರಗೆ ಬಂದಿರುತ್ತದೆ. ಒಣ ಬ್ರಷ್ ಹಾಕಿದರೆ ಅದನ್ನು ನೀವೇ ಹಿಂಜಿ ಗಾಳಿಗೆ ಬಿಟ್ಟಂತೆ. ಬೈಕ್ ತೊಳೆಯುವ ಪ್ರೆಷರ್ ಪಂಪೂ ಬೇಡ. ಪಾಚಿ ಇದ್ದರೆ ಇರಲಿ, ಅದರ ಮೇಲೇ ಬಳಿಯಿರಿ.

ಆನೆಗೊಂದಿ, ಅಂಜನಾದ್ರಿ ಕಡೆಯವರು ನಗುತ್ತಿದ್ದೀರಿ. ಕಾರಣ ಗೊತ್ತು. ನೀವು ಏನೂ ಮಾಡದಿದ್ದರೂ ಕೋತಿಗಳು ಬಿಡಬೇಕಲ್ಲ! ಒಂದು ದೊಡ್ಡ ಗಡವ ಹುಣಸೆ ಮರದಿಂದ ಜಿಗಿದರೆ ಹಳೇ ಶೀಟು ಫಟ್ ಅನ್ನುತ್ತದೆ. ಬಿರುಕು ಬಿಟ್ಟರೆ ಬಡಿದು ತೆಗೆಯಲು ಹೋಗಬೇಡಿ. ಬಿರುಕಿನ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ವಾಟರ್‌ಪ್ರೂಫ್ ಟೇಪೋ ಸೀಲಂಟೋ ಹಚ್ಚಿ. ಒರೆಸಿದ ಬಟ್ಟೆಯನ್ನು ತೊಳೆದು ಮತ್ತೆ ಬಳಸಬೇಡಿ, ಒದ್ದೆ ಇರುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಿ. ಮತ್ತು ದಯವಿಟ್ಟು ಮೇಲೆ ಹತ್ತಬೇಡಿ. ಕ್ಯಾನ್ಸರಿಗೆ ಮೂವತ್ತು ವರ್ಷ ಬೇಕು. ಶೀಟು ಮುರಿದು ಕೆಳಗೆ ಬೀಳಲು ಒಂದು ಕ್ಷಣ ಸಾಕು.

ಕೆಳಗೆ ಸೌದೆ ಒಲೆ ಇದ್ದವರು ಇನ್ನೊಂದು ನೆನಪಿಡಿ. ಈ ಶೀಟು ಸುಡುವುದಿಲ್ಲ ನಿಜ, ಆದರೆ ಬೆಂಕಿ ಜೋರಾಗಿ ತಗುಲಿದರೆ ಪಟಾಕಿಯ ಹಾಗೆ ಸಿಡಿಯುತ್ತದೆ, ಚೂರು ದೂರ ಹಾರುತ್ತದೆ.

ಇನ್ನು ಬಿಚ್ಚಲೇಬೇಕಾದ ಮನೆ. ಒಂದು ಕೆಲಸ ಹೇಗೆ ಮಾಡಿದೆವು ಅಂತ ಹೇಳುತ್ತೇನೆ. ಹನ್ನೆರಡು ಶೀಟಿನ ಮನೆ, ಮುಂದೆ ಅಂಗಳ, ಪಕ್ಕದಲ್ಲೇ ಇನ್ನೊಂದು ಮನೆ. ಹಿಂದಿನ ದಿನವೇ ಮನೆಯ ಸಾಮಾನು ಖಾಲಿ ಮಾಡಿಸಿದೆವು, ನೆಲಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿದೆವು. ಪಕ್ಕದ ಮನೆಯವರಿಗೆ ಕಿಟಕಿ ಮುಚ್ಚಿ, ಒಣ ಹಾಕಿದ ಬಟ್ಟೆ, ಹಪ್ಪಳ ತೆಗೆದುಕೊಳ್ಳಿ ಅಂತ ಹೇಳಿದೆವು. ಶೀಟನ್ನು ಹಿಡಿದಿರುವ, ಕೊಕ್ಕೆಯಂಥ ತುಕ್ಕು ಹಿಡಿದ ಜೆ ಬೋಲ್ಟುಗಳಿಗೆ ಸಂಜೆಯೇ ಎಣ್ಣೆ ಬಿಟ್ಟೆವು. ಗಾಳಿ ಇಲ್ಲದ ಬೆಳಗಿನ ಹೊತ್ತು ಆರಿಸಿಕೊಂಡೆವು. ಚೈತ್ರ ವೈಶಾಖದಲ್ಲಿ ನಮ್ಮ ಕಡೆ ಮಧ್ಯಾಹ್ನ ಸುಂಟರಗಾಳಿ ಏಳುತ್ತದೆ, ಆಗ ಈ ಕೆಲಸ ಇಟ್ಟುಕೊಳ್ಳಲೇಬಾರದು.

ಮೊದಲು ನೀರು. ಬೆಳೆಗೆ ಔಷಧಿ ಹೊಡೆಯುವ ಬೆನ್ನಿನ ಪಂಪು ಇದೆಯಲ್ಲ, ಹೊಸದೊಂದು ತಂದು, ಬಕೆಟ್ಟಿಗೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ತುಂಬಿಸಿದೆವು. ಬರೀ ನೀರು ನಾರಿನ ಮೇಲೆ ಉರುಳಿ ಹೋಗುತ್ತದೆ, ಸೋಪು ಇದ್ದರೆ ಒಳಗೆ ಇಳಿಯುತ್ತದೆ. ಮಂಜಿನ ಹಾಗೆ ಎರಡೂ ಕಡೆ ತೋಯಿಸಿದೆವು, ಒಣಗಿದ ಹಾಗೆಲ್ಲ ಮತ್ತೆ. ತೊಯ್ದ ಶೀಟು ಜಾರುತ್ತದೆ, ಅದಕ್ಕೇ ಮೇಲೆ ಯಾರೂ ಹೋಗಲಿಲ್ಲ. ಒಳಗಿನಿಂದ ಹಲಗೆ ಕಟ್ಟಿ ಅದರ ಮೇಲೆ ನಿಂತು ಕೆಲಸ. ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ತಿರುಗಿದ ಬೋಲ್ಟು ಬಿಚ್ಚಿದೆವು. ತಿರುಗದಿದ್ದರೆ ಬೋಲ್ಟನ್ನೇ ಕತ್ತರಿಸಿದೆವು, ಶೀಟನ್ನು ಮುಟ್ಟಲಿಲ್ಲ. ಗ್ರೈಂಡರ್ ಮಾತ್ರ ಹೊರಗೇ ತೆಗೆಯಲಿಲ್ಲ. ಆ ಚಕ್ರ ತಿರುಗುವ ವೇಗಕ್ಕೆ ಏಳುವ ಧೂಳು ಸುತ್ತಿಗೆಗಿಂತ ಎಷ್ಟೋ ಪಾಲು ಕೆಟ್ಟದ್ದು. ಒಂದೊಂದು ಶೀಟನ್ನೂ ಇಬ್ಬರು ಹಿಡಿದು, ತೊಟ್ಟಿಲಿನಿಂದ ಮಗು ಇಳಿಸುವ ಹಾಗೆ ಇಳಿಸಿ, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟೇಪು ಹಚ್ಚಿ, ಮೇಲೆ 'ಕಲ್ನಾರು, ಒಡೆಯಬೇಡಿ' ಅಂತ ಬರೆದೆವು. ಹನ್ನೆರಡರಲ್ಲಿ ಒಂದು ಮಾತ್ರ ಮುರಿಯಿತು.

ಮಾಸ್ಕಿನ ಬಗ್ಗೆ. ಟವೆಲು, ಸೆರಗು, ಕೊರೊನಾ ಕಾಲದ ನೀಲಿ ಮಾಸ್ಕು, ಇವು ಮೂರೂ ಸುಮ್ನೆ ಸಮಾಧಾನಕ್ಕೆ. ತೀರಾ ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ 3 ಮಾಸ್ಕು, ಇಲ್ಲವೇ ಪಿ 100 ಫಿಲ್ಟರಿನ ರಬ್ಬರ್ ಮಾಸ್ಕು ಬೇಕು. ಅದೂ ಕೆನ್ನೆಗೆ ಸಂದಿ ಇಲ್ಲದೆ ಕೂರಬೇಕು, ಗಡ್ಡ ಬಿಟ್ಟವನಿಗೆ ಕೂರುವುದಿಲ್ಲ. ನಮ್ಮ ಹುಡುಗನೊಬ್ಬ ದೇವರಿಗೆ ಬಿಟ್ಟ ಗಡ್ಡ ಅಂದ. ಅವನಿಗೆ ಆ ದಿನ ಗೇಟಿನ ಹೊರಗಿನ ಕೆಲಸ ಕೊಟ್ಟೆ. ಬಟ್ಟೆಯ ಮೇಲೆ ಒಮ್ಮೆ ಬಳಸಿ ಬಿಸಾಡುವ, ಮೈಯೆಲ್ಲ ಮುಚ್ಚುವ ಕವರಾಲ್ ಹಾಕಿದ್ದೆವು. ಇದನ್ನು ನಿರ್ಲಕ್ಷ್ಯ ಮಾಡಬೇಡಿ. ಕಾರ್ಖಾನೆಗೆ ಕಾಲೇ ಇಡದ ಹೆಣ್ಣುಮಕ್ಕಳಿಗೆ, ಗಂಡನ ಕೆಲಸದ ಬಟ್ಟೆ ಒಗೆದು ಒಗೆದೇ ಮೀಸೋಥೀಲಿಯೋಮಾ ಬಂದಿರುವುದು ಬೇರೆ ಬೇರೆ ದೇಶಗಳಲ್ಲಿ ದಾಖಲಾಗಿದೆ. ಕೊನೆಗೆ ಕಸಬರಿಗೆ ಇಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ, ಕವರಾಲ್, ನೆಲದ ಪ್ಲಾಸ್ಟಿಕ್ ಎಲ್ಲ ಚೀಲಕ್ಕೆ.

ಇದಕ್ಕೆಲ್ಲ ಎಷ್ಟು ಜಾಸ್ತಿ ಖರ್ಚಾಯಿತು? ಒಡೆದು ಹಾಕಿದ್ದರೆ ಒಂದು ಬೆಳಗಿನ ಕೆಲಸ. ನಮಗೆ ಒಂದೂವರೆ ದಿನ ಹಿಡಿಯಿತು. ಮಾಸ್ಕಿನ ದುಡ್ಡು ಬೇರೆ. ಮನೆಯವರು ಮೊದಲು ಮುಖ ಸಿಂಡರಿಸಿದರು, ಆಮೇಲೆ ಕೊಟ್ಟರು.

ಬಿಚ್ಚಿದ ಶೀಟು ಎಲ್ಲಿಗೆ? ಇಲ್ಲಿ ನನ್ನ ಹತ್ತಿರ ಸಿಹಿ ಉತ್ತರ ಇಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಕಲ್ನಾರಿನ ತ್ಯಾಜ್ಯ ಇದೆ, ಆದರೆ ಅದನ್ನು ಬರೆದಿರುವುದು ಕಾರ್ಖಾನೆಯನ್ನು ಮನಸ್ಸಲ್ಲಿ ಇಟ್ಟುಕೊಂಡು. ಅಂಥ ತ್ಯಾಜ್ಯ ಹೂಳುವ ಒಂದು ಜಾಗ ಇರುವುದು ಬೆಂಗಳೂರಿನ ಹತ್ತಿರ ದಾಬಸ್‌ಪೇಟೆಯಲ್ಲಿ. ಗಂಗಾವತಿಯ ಹನ್ನೆರಡು ಶೀಟಿಗೆ ಯಾರು ಲಾರಿ ಕಳಿಸುತ್ತಾರೆ? ನಾವು ಕಟ್ಟಿಟ್ಟು, ಮಾಲಿನ್ಯ ನಿಯಂತ್ರಣ ಮಂಡಳಿಗೂ ನಗರಸಭೆಗೂ ಬರೆದು ಕೇಳುತ್ತೇವೆ, ಹತ್ತು ಮನೆಯದು ಒಟ್ಟಾದರೆ ಒಂದು ಲೋಡ್ ಆಗುತ್ತದೆ ಅಂತ ಕಾಯುತ್ತೇವೆ. ಕಟ್ಟಿಟ್ಟ ಶೀಟು ನೆರಳಲ್ಲಿ ಕೂತಿದ್ದರೆ ಯಾರಿಗೂ ತೊಂದರೆ ಇಲ್ಲ. ಏನು ಮಾಡಬಾರದು ಅಂತ ಮಾತ್ರ ಖಂಡಿತ ಹೇಳಬಲ್ಲೆ. ಕಾಲುವೆ ದಂಡೆಗೆ ಸುರಿಯಬೇಡಿ. ಚೂರು ಮಾಡಿ ರಸ್ತೆಯ ಗುಂಡಿಗೆ ಹಾಕಬೇಡಿ. ಭತ್ತದ ಸುಗ್ಗಿಯಲ್ಲಿ ಅದರ ಮೇಲೆ ಟ್ರ್ಯಾಕ್ಟರು ಓಡಾಡಿ ಬೀಸುವ ಕಲ್ಲಿನ ಹಾಗೆ ಪುಡಿ ಮಾಡುತ್ತವೆ. ಕುರಿ ಹಟ್ಟಿಗೆ ಅಂತ ಯಾರೋ ಕೇಳಿದರೆ ಕೊಡಬೇಡಿ. ಆತ ಅಳತೆಗೆ ಗರಗಸ ಹಾಕುತ್ತಾನೆ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: 'ಇಪ್ಪತ್ತು ವರ್ಷ ಅದರ ಕೆಳಗೇ ಮಲಗೀವ್ರಿ, ನಾವು ಎಕ್ಸ್‌ರೇ ತೆಗೆಸಬೇಕೇನ್ರಿ?' ಬೇಡಮ್ಮ. ಎಳೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಕೆಳಗೆ ಮಲಗಿದ್ದಕ್ಕೆ, ಎಂದೋ ಒಮ್ಮೆ ಒಡೆದದ್ದಕ್ಕೆ ಅಪಾಯ ಸೊನ್ನೆ ಅಂತ ಹೇಳಲಾರೆ, ಆದರೆ ಅದು ಸಣ್ಣದು. ಎಷ್ಟು ಉಸಿರಾಡಿದ್ದೀರಿ, ಎಷ್ಟು ವರ್ಷ ಅನ್ನುವುದರ ಮೇಲೆ ಲೆಕ್ಕ. ನಮ್ಮಮ್ಮನ ಬಗ್ಗೆಯೂ ನಾನು ಇದೇ ಲೆಕ್ಕ ಹಾಕಿ ನಿದ್ದೆ ಮಾಡಿದ್ದೇನೆ. ಆದರೆ ವರ್ಷಗಟ್ಟಲೆ ಶೀಟು ಕೊಯ್ದವರು, ಬಾಯ್ಲರ್ ಕೆಲಸದವರು, ಹಳೇ ಲಾರಿಗಳ ಬ್ರೇಕ್ ಲೈನರ್ ಉಜ್ಜಿದವರು ಏದುಸಿರು ಬಂದರೆ ಡಾಕ್ಟರಿಗೆ ನಿಮ್ಮ ಕೆಲಸ ಏನಿತ್ತು ಅಂತ ನೀವೇ ಬಾಯಿಬಿಟ್ಟು ಹೇಳಿ. ಕೆಮ್ಮು ಅಂದ ಕೂಡಲೇ ಟಿಬಿ ಅನ್ನುವ ಸೀಮೆ ನಮ್ಮದು. ಕಲ್ನಾರಿನ ಕಾರ್ಖಾನೆಗಳು ಕಾರ್ಮಿಕರ ಆರೋಗ್ಯದ ದಾಖಲೆಯನ್ನು 40 ವರ್ಷ ಇಡಬೇಕು ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ದಿನಗೂಲಿಯ ಗೌಂಡಿಯ ದಾಖಲೆ ಇಡುವವರು ಯಾರೂ ಇಲ್ಲ, ಅವನ ನೆನಪೇ ದಾಖಲೆ.

ಕೊನೆಗೆ ಒಬ್ಬ ಗೌಂಡಿ ಎದ್ದು, 'ಎಲ್ಲಾ ಖರೇರಿ, ಆದ್ರ ಫ್ಯಾನ್ ಹೆಂಗ್ ಹಾಕೂದು? ಡಿಶ್ಶಿನ ವೈರ್ ಎಲ್ಲಿಂದ ತಗೀಬೇಕು?' ಅಂತ ಕೇಳಿದ. ಇಡೀ ಸಭೆಯಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಅದೇ. ಫ್ಯಾನು ಶೀಟಿಗೆ ಅಲ್ಲ, ಅಡ್ಡಕ್ಕಿರುವ ಕಬ್ಬಿಣದ ಪೈಪಿಗೆ ಕ್ಲಾಂಪ್ ಹಾಕಿ ಇಳಿಬಿಡು. ವೈರಿಗೆ ಗೋಡೆಯಲ್ಲಿ ತೂತು ಹಾಕು, ಮೂಲೆಯಲ್ಲಿ, ಸೂರಿನಿಂದ ಒಂದು ಗೇಣು ಕೆಳಗೆ.